ಬಾಯ್ಲರ್ ಹೊಟ್ಟೆಯ ದೈವ

ಆರ್ಟ್ ಸ್ಕೂಲಿನಿಂದ ಹೊರಬಿದ್ದಾಗ ನನ್ನ ಆಸ್ತಿಯೆಂದರೆ ಒಂದು ಗಡ್ಡ ಮತ್ತು ಸರ್ರಿಯಲಿಸಂ. ಗಡ್ಡವನ್ನು ಡೊಂಬಿವಿಲಿಯ ಕನ್ನಡ ಶಾಲೆಯ ಹೆಡ್‌ಮಾಸ್ತರರು ಮೊದಲ ವಾರವೇ ತೆಗೆಸಿದರು. ಸರ್ರಿಯಲಿಸಂ ಅವರ ಕಣ್ಣಿಗೆ ಬೀಳಲಿಲ್ಲವಾದ್ದರಿಂದ ಉಳಿದುಕೊಂಡಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಶಾಲೆ ನಡೆಸುತ್ತಿದ್ದವರು ಉಡುಪಿ, ಮಂಗಳೂರು ಕಡೆಯ ಹೋಟೆಲಿನವರ ಒಂದು ಕಮಿಟಿ. ಮಕ್ಕಳಲ್ಲಿ ಅರ್ಧ ಆ ಕಡೆಯವರು, ಹೋಟೆಲ್ ಮತ್ತು ಬ್ಯಾಂಕಿನ ಕೆಲಸದವರ ಮಕ್ಕಳು. ಇನ್ನರ್ಧ ಗುಲಬರ್ಗಾ, ಬಿಜಾಪುರ, ರಾಯಚೂರಿನಿಂದ ಬಂದವರ ಮಕ್ಕಳು. ಅವರ ಅಪ್ಪಂದಿರು ಅಂಬರನಾಥದ ಕಾರ್ಖಾನೆಗಳಲ್ಲಿ ಮಾಲು ಎತ್ತುತ್ತಿದ್ದರು, ಇಲ್ಲವೇ ಹೊಸದಾಗಿ ಏಳುತ್ತಿದ್ದ ನ್ಯೂ ಬಾಂಬೆಯಲ್ಲಿ ಕಟ್ಟಡ ಕಟ್ಟುತ್ತಿದ್ದರು. ಎರಡೂ ಗುಂಪಿನ ಮಕ್ಕಳು ತಮ್ಮ ತಮ್ಮ ಕನ್ನಡದಲ್ಲಿ ಜಗಳ ಶುರುಮಾಡಿ ಕೊನೆಗೆ ಮರಾಠಿಯಲ್ಲಿ ಬಗೆಹರಿಸಿಕೊಳ್ಳುತ್ತಿದ್ದವು. ಹುಬ್ಬಳ್ಳಿಯವನಾದ ನನ್ನ ಕನ್ನಡ ಎರಡೂ ಕಡೆಯವರಿಗೆ ನಗು ತರಿಸುತ್ತಿತ್ತು.

ಸೇರಿದ ದಿನ ಹೆಡ್‌ಮಾಸ್ತರರು ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡಿ ಮಾರಾಯ್ರೆ, ಸರಕಾರದ ಡ್ರಾಯಿಂಗ್ ಪರೀಕ್ಷೆ ಪಾಸಾಗುವಷ್ಟು ಕಲಿಸಿದ್ರೆ ಸಾಕು. ಒಂದು ಹೂಜಿ, ಎರಡು ಬಾಳೆಹಣ್ಣು, ಹಿಂದೆ ಒಂದು ಬಟ್ಟೆ. ಜಾಸ್ತಿ ಎಂಥದ್ದೂ ಬೇಡ."

ನಾನು ತಲೆಯಾಡಿಸಿದೆ. ಒಳಗೊಳಗೇ ಹಲ್ಲು ಕಡಿದೆ. ಕಾಲೇಜಿನ ಲೈಬ್ರರಿಯಲ್ಲಿ ದಪ್ಪ ದಪ್ಪ ಪುಸ್ತಕಗಳನ್ನು ತಿರುವಿ ಹಾಕಿದ್ದ ನನಗೆ ಒಂದು ವಿಷಯ ಖಾತ್ರಿಯಾಗಿತ್ತು. ನಮ್ಮ ಎಚ್ಚರದ ಬುದ್ಧಿ ಸುಮ್ಮನೆ ಅಡ್ಡ ನಿಲ್ಲುತ್ತದೆ. ಅದನ್ನು ಸ್ವಲ್ಪ ಹೊತ್ತು ಹೊರಗೆ ಕೂಡಿಸಿ, ಕನಸಿನಿಂದ, ಆಕಸ್ಮಿಕದಿಂದ, ಸಂಬಂಧವೇ ಇಲ್ಲದ ವಸ್ತುಗಳನ್ನು ಪಕ್ಕ ಪಕ್ಕ ಇಡುವುದರಿಂದ ಚಿತ್ರ ಹುಟ್ಟಿಸಬೇಕು. ದೊಡ್ಡವರ ತಲೆ ಆಗಲೇ ಕೆಟ್ಟಿರುತ್ತದೆ, ಮಕ್ಕಳ ತಲೆಯಲ್ಲಿ ಈ ಗಣಿ ತುಂಬಿ ತುಳುಕುತ್ತಿರುತ್ತದೆ ಎಂದು ನಾನು ನಂಬಿದ್ದೆ. ಇಪ್ಪತ್ತಮೂರು ವರ್ಷದವನಿಗೆ ನಂಬುವುದಕ್ಕೆ ಹೆಚ್ಚು ಖರ್ಚು ಬರುವುದಿಲ್ಲ.

ಏಳನೆಯ ತರಗತಿಗೆ ಹೋಗಿ, "ನಿನ್ನೆ ಬಿದ್ದ ಕನಸಿನ ಚಿತ್ರ ಬರೆಯಿರಿ" ಎಂದೆ. ಇಡೀ ತರಗತಿ ತಲೆ ಬಗ್ಗಿಸಿ ಶ್ರದ್ಧೆಯಿಂದ ಬರೆಯಿತು. ನೋಡಿದರೆ ಎಲ್ಲರದ್ದೂ ಒಂದೇ ಕನಸು. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ, ಮುಂದೆ ಹರಿಯುವ ಹೊಳೆ. ಡೊಂಬಿವಿಲಿಯಲ್ಲೇ ಹುಟ್ಟಿ, ಹೊಳೆಯೆಂದರೆ ಕಾರ್ಖಾನೆಯ ಬಣ್ಣದ ನೀರು ಬರುವ ನಾಲೆ ಎಂದು ತಿಳಿದಿದ್ದ ಹುಡುಗರು! ಒಬ್ಬ ಮಾತ್ರ ಖಾಲಿ ಹಾಳೆ ಕೊಟ್ಟಿದ್ದ. ಆಹಾ, ಇವನೊಬ್ಬ ಸಿಕ್ಕ ಎಂದುಕೊಂಡು ಕಾರಣ ಕೇಳಿದೆ. "ಕನಸು ಬೀಳ್ಲಿಲ್ಲ ಸರ್. ಊರಿಂದ ಮಾಮಾ ಬಂದಿದಾರೆ, ಮಲಗ್ಲಿಕ್ಕೆ ಜಾಗ ಇರ್ಲಿಲ್ಲ" ಎಂದ.

ಮುಂದಿನ ವಾರ ಬೇರೆ ದಾರಿ ಹಿಡಿದೆ. ಒಂದರ ಪಕ್ಕ ಒಂದು ಇರಲಾರದ ವಸ್ತುಗಳನ್ನು ಒಂದೇ ಕೋಣೆಯಲ್ಲಿ ಬರೆದು ತನ್ನಿ, ನೋಡಿದವರು ದಂಗಾಗಬೇಕು ಎಂದೆ. ಬಂದ ಚಿತ್ರಗಳನ್ನು ನೋಡಿ ನಾನೇ ದಂಗಾದೆ. ಒಂದರಲ್ಲಿ ಮಂಚದ ಮೇಲೆ ಸೈಕಲ್ ತೂಗುತ್ತಿತ್ತು, ಮಂಚದ ಕೆಳಗೆ ಅಜ್ಜ ಮಲಗಿದ್ದರು, ಅಜ್ಜನ ತಲೆಯ ಪಕ್ಕ ಉಪ್ಪಿನಕಾಯಿ ಭರಣಿ, ಭರಣಿಯ ಮೇಲೆ ರೇಡಿಯೊ, ರೇಡಿಯೊದ ಮೇಲೆ ದೇವರು. ಖುಷಿಯಿಂದ ಬೆನ್ನು ತಟ್ಟಿ, ಇದೆಲ್ಲ ಹೇಗೆ ಹೊಳೆಯಿತು ಎಂದು ಆ ಹುಡುಗಿಯನ್ನು ಕೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿ, "ಇದು ನಮ್ಮ ಮನೆ ಸರ್" ಎಂದಳು.

ಆದರೂ ಹಟ ಬಿಡಲಿಲ್ಲ. ಕಾಗದವನ್ನು ಒರಟು ವಸ್ತುವಿನ ಮೇಲಿಟ್ಟು ಪೆನ್ಸಿಲ್ಲಿನ ಮಗ್ಗುಲಿನಿಂದ ಉಜ್ಜಿದರೆ ಅಡಿಯಲ್ಲಿರುವುದರ ಗುರುತು ಮೇಲೆ ಮೂಡುತ್ತದೆಯಲ್ಲ, ಅದನ್ನು ಕಲಿಸಿದೆ. ಮಕ್ಕಳು ಅದಕ್ಕೆ "ಉಜ್ಜೋ ಚಿತ್ರ" ಎಂದು ಹೆಸರಿಟ್ಟು ಡೊಂಬಿವಿಲಿಯಲ್ಲಿ ಸಿಕ್ಕಿದ್ದನ್ನೆಲ್ಲ ಉಜ್ಜಿದವು. ಗಟಾರದ ಮುಚ್ಚಳ, ಇಡ್ಲಿ ತಟ್ಟೆ, ಚಪ್ಪಲಿಯ ಅಡಿ, ರುಬ್ಬುವ ಕಲ್ಲು. ಸಂಸ್ಕೃತದ ಮಾಸ್ತರರು ಬಸ್ಸಿಗೆ ಕಾಯುತ್ತ ನಿಂತಾಗ ಅವರ ಕೊಡೆಯ ಹಿಡಿಯನ್ನೂ ಬಿಡಲಿಲ್ಲ. ಆದರೆ ಎಲ್ಲಕ್ಕಿಂತ ಹಿಡಿಸಿದ್ದು ಮಡಚುವ ಆಟ. ಒಂದು ಹಾಳೆಯನ್ನು ಮೂರು ಮಡಿಕೆ ಮಾಡುವುದು. ಮೊದಲನೆಯವರು ತಲೆ ಬರೆದು ಮಡಚಿ, ಕತ್ತಿನ ಎರಡು ಗೆರೆಯಷ್ಟೇ ಕಾಣುವಂತೆ ಮುಂದಿನವರಿಗೆ ಕೊಡಬೇಕು. ಅವರು ಮೈ ಬರೆದು ಮಡಚಿ ಕೊಟ್ಟರೆ ಮೂರನೆಯವರು ಕಾಲು ಬರೆಯುತ್ತಾರೆ. ಬಿಚ್ಚಿದಾಗ ಯಾರ ಮನಸ್ಸಿನಲ್ಲೂ ಇಲ್ಲದ ಪ್ರಾಣಿಯೊಂದು ಎದ್ದು ನಿಂತಿರುತ್ತದೆ. ಪ್ರತಿ ಸಲ ಹಾಳೆ ಬಿಚ್ಚುವಾಗಲೂ ತರಗತಿಯಲ್ಲಿ ಎಂಥ ಕೇಕೆ ಏಳುತ್ತಿತ್ತೆಂದರೆ ಪಕ್ಕದ ಗಣಿತದ ಮಾಸ್ತರರು ಗೋಡೆ ಬಡಿಯುತ್ತಿದ್ದರು.

ಹೀಗೆ ಹುಟ್ಟಿದ್ದೇ ನಮ್ಮ ಹಂದಿಮುಖ. ತಲೆ ಬರೆದವಳು ಬಿಜಾಪುರದ ಕಡೆಯ ಹುಡುಗಿ. ರೈಲು ಹಳಿಯ ಆಚೆಯ ಝೋಪಡಿಗಳಲ್ಲಿ ತಾಯಿ, ತಮ್ಮನ ಜೊತೆ ಇದ್ದಳು. ಅವಳ ಅಪ್ಪ ಮಹಾಪೆಯಲ್ಲಿ ಕಾರ್ಖಾನೆಯ ಶೆಡ್ ಕಟ್ಟುವ ಕೆಲಸಕ್ಕಿದ್ದು ಅಲ್ಲೇ ತಗಡಿನ ಗೂಡಿನಲ್ಲಿ ಉಳಿಯುತ್ತಿದ್ದ, ಯಾವಾಗಲೋ ಒಮ್ಮೆ ಮನೆಗೆ ಬರುತ್ತಿದ್ದ. ಕಡಿಮೆ ಮಾತಿನ ಹುಡುಗಿ. ಪೆನ್ಸಿಲ್ ಹಿಡಿದರೆ ಮಾತ್ರ ಯಾರ ಮುಲಾಜೂ ಇಟ್ಟುಕೊಳ್ಳುತ್ತಿರಲಿಲ್ಲ. ಅವಳು ಹಂದಿಯ ತಲೆ ಬರೆದು ಮಡಚಿ ಕೊಟ್ಟಳು. ಹೋಟೆಲಿನ ಗಲ್ಲೆಯಲ್ಲಿ ಕೂರುವವರ ಮಗ ಮೈ ಎಂದು ತಮ್ಮ ಹೋಟೆಲಿನ ಹಿತ್ತಾಳೆ ಬಾಯ್ಲರನ್ನು ಬರೆದ. ಅದರ ಎರಡು ಹಿಡಿಗಳು ಸೊಂಟದ ಮೇಲೆ ಕೈಯಿಟ್ಟಂತೆ ಕಾಣುತ್ತಿದ್ದವು. ಮೂರನೆಯವಳು ಭರತನಾಟ್ಯ ಕಲಿಯುತ್ತಿದ್ದ ಹುಡುಗಿ. ಮೊಣಕಾಲಿನ ತನಕ ಗೆಜ್ಜೆ ಕಟ್ಟಿದ ಎರಡು ಕಾಲು ಬರೆದಳು. ಹಾಳೆ ಬಿಚ್ಚಿದಾಗ ಯಾರೂ ಕೇಕೆ ಹಾಕಲಿಲ್ಲ. ಅಷ್ಟು ಚೆನ್ನಾಗಿತ್ತು.

ದೀಪಾವಳಿಗೆ ಮೊದಲು ಠಾಣೆಯಲ್ಲಿ ಜಿಲ್ಲೆಯ ಶಾಲಾ ಮಕ್ಕಳ ಚಿತ್ರಗಳ ಪ್ರದರ್ಶನವಿತ್ತು. ಇದನ್ನೇ ಕಳಿಸೋಣವೆಂದು ಮೂವರಿಂದಲೂ ದೊಡ್ಡ ಹಾಳೆಯ ಮೇಲೆ ಬಣ್ಣದಲ್ಲಿ ಬರೆಸಿದೆ. ಕೆಳಗೆ ಮೂವರ ಹೆಸರು ಹಾಕಿಸಿದೆ. ತಲೆಯ ಹುಡುಗಿ ತನ್ನ ಹೆಸರನ್ನು ಮೂರು ಸಲ ಒರೆಸಿ ನಾಲ್ಕನೆಯ ಸಲ ಬರೆದಳು. ಅಪ್ಪ ಮನೆಗೆ ಬಂದಿದ್ದಾಗ ಹೇಳಿದ್ದಾಳಂತೆ. ಮಹಾಪೆಯಿಂದ ಠಾಣೆಗೆ ಬಸ್ಸು ಇದೆಯಲ್ಲ, ಭಾನುವಾರ ಅಲ್ಲಿಗೇ ಹೋಗಿ ನೋಡುತ್ತೇನೆ ಎಂದು ಅವನು ಮಾತು ಕೊಟ್ಟಿದ್ದಾನಂತೆ. ಶಾಲೆಯ ಕಡೆ ಒಮ್ಮೆಯೂ ತಲೆ ಹಾಕದ ಅಪ್ಪ. ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಚಿತ್ರ ಒಣಗಲೆಂದು ತರಗತಿಯ ಹಿಂದಿನ ಗೋಡೆಗೆ ಪಿನ್ನು ಹೊಡೆದು ನಿಲ್ಲಿಸಿದೆವು. ಅಷ್ಟರಲ್ಲಿ ನವರಾತ್ರಿ ಬಂತು. ಶಾಲೆಯಲ್ಲಿ ಶಾರದಾ ಪೂಜೆ. ಕಮಿಟಿಯ ಅಧ್ಯಕ್ಷರು ತಮ್ಮ ವಯಸ್ಸಾದ ತಾಯಿಯನ್ನು ಕರೆತಂದರು. ಪೂಜೆ ಮುಗಿಸಿ ತರಗತಿಗಳನ್ನು ನೋಡುತ್ತ ಬಂದ ಆ ಅಮ್ಮ ನಮ್ಮ ಬಾಗಿಲಲ್ಲಿ ಗಕ್ಕನೆ ನಿಂತರು. ಚಪ್ಪಲಿ ಕಳಚಿದರು. "ಉಂದು ಪಂಜುರ್ಲಿ ಅತ್ತಾ?" ಎಂದು, ಇದು ಪಂಜುರ್ಲಿ ಅಲ್ಲವೇ ಎಂದು, ಮಗನನ್ನು ತುಳುವಿನಲ್ಲಿ ಕೇಳಿದರು.

ಹುಬ್ಬಳ್ಳಿಯವನಿಗೆ ಎಲ್ಲಿ ಗೊತ್ತಾಗಬೇಕು? ಪಂಜುರ್ಲಿಯೆಂದರೆ ಅವರ ಊರಿನ ಹಂದಿಮುಖದ ದೈವ. ಕೋಲ ನಡೆಯುವಾಗ ದೈವ ಕಟ್ಟುವವರು ಹೊಳೆಯುವ ಲೋಹದ ಹಂದಿಮೊಗ ಧರಿಸಿ, ಕಾಲಿಗೆ ಗಗ್ಗರ ಕಟ್ಟಿ ಕುಣಿಯುತ್ತಾರೆ. ನಮ್ಮ ಚಿತ್ರದಲ್ಲಿ ಹಂದಿಯ ಮುಖವಿತ್ತು, ಹಿತ್ತಾಳೆಯ ಹೊಳಪಿತ್ತು, ಕಾಲಲ್ಲಿ ಗೆಜ್ಜೆಯಿತ್ತು. ಅಮ್ಮನ ದೃಷ್ಟಿಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಶಾರದೆಗೆ ತಂದಿದ್ದ ಚೆಂಡುಹೂವಿನ ಹಾರದಲ್ಲಿ ಒಂದನ್ನು ತರಿಸಿ ಹಾಕಿದರು. ಗಂಧ ಹಚ್ಚಿದರು, ಹಣತೆ ಇಟ್ಟರು. ಹಿಂದಿದ್ದ ಹೋಟೆಲಿನವರೆಲ್ಲ ಸಾಲಾಗಿ ಕೈ ಮುಗಿದರು. ಅಧ್ಯಕ್ಷರು ನನ್ನ ಕೈ ಹಿಡಿದು, "ಭಾರೀ ಲಾಯ್ಕ ಮಾಡಿಸಿದ್ದೀರಿ ಮಾಸ್ಟ್ರೆ" ಎಂದರು. ಎಚ್ಚರದ ಬುದ್ಧಿಯನ್ನು ಹೊರಗೆ ಕೂಡಿಸಬೇಕೆಂದು ನಾನು ಬಯಸಿದ್ದೇನೋ ನಿಜ. ಇಷ್ಟು ಜನ ಒಮ್ಮೆಲೇ ಕೂಡಿಸುತ್ತಾರೆಂದು ಅಂದುಕೊಂಡಿರಲಿಲ್ಲ.

ಮರುದಿನದಿಂದ ಏಳನೆಯ ತರಗತಿಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳತೊಡಗಿತು. ಪರೀಕ್ಷೆಯ ದಿನ ಬೇರೆ ತರಗತಿಯ ಮಕ್ಕಳೂ ಚಿತ್ರಕ್ಕೆ ಪೆನ್ನು ಮುಟ್ಟಿಸಿಕೊಂಡು ಹೋಗಲು ಬಂದವು. ಗಣಿತದ ಪೇಪರಿನ ದಿನ ನೂಕುನುಗ್ಗಲು. "ಸರ್, ಮಾಝಾ ಬಾಯ್ಲರ್ ದೇವ್ ಝಾಲಾ!" ಎಂದು ಗಲ್ಲೆಯವರ ಮಗ ಮರಾಠಿಯಲ್ಲಿ ಕೂಗಿ, ತನ್ನ ಬಾಯ್ಲರ್ ದೇವರಾಯಿತೆಂದು ಊರೆಲ್ಲ ಸಾರಿಕೊಂಡು ಬಂದ. ಗೆಜ್ಜೆಯ ಹುಡುಗಿಗೂ ಖುಷಿ. ತಲೆಯ ಹುಡುಗಿ ಮಾತ್ರ ಪೀರಿಯಡ್ ಮುಗಿದ ಮೇಲೆ ನನ್ನ ಹತ್ತಿರ ಬಂದು ನಿಂತಳು.

"ಸರ್, ಅದು ದೇವ್ರಲ್ರಿ. ಹಂದಿರೀ."

"ಗೊತ್ತವ್ವಾ."

"ನನ್ನ ಹೆಸರಿನ ಮ್ಯಾಲೆ ಗಂಧ ಹಚ್ಯಾರ್ರಿ. ಈಗ ಕಾಣಂಗೇ ಇಲ್ಲ. ಠಾಣೆಕ್ಕ ಹೋಗ್ತದಲ್ರಿ ಅದು?"

ಹೋಗುತ್ತದೆ ಎಂದು ನಾನು ಎದೆ ತಟ್ಟಿ ಹೇಳಿದೆ. ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಶಾಲೆಗೆ ಹೋಗಿ ಮೇಲಿನ ಪಿನ್ನಿಗೆ ಕೈ ಹಾಕಿದೆ. ಆಗ ಕಾಲಿಗೆ ನೆಲ ತಣ್ಣಗೆ ತಾಗಿತು. ನೋಡಿದರೆ ನನ್ನ ಚಪ್ಪಲಿಯೂ ಬಾಗಿಲ ಹೊರಗೇ ಇತ್ತು. ನನಗೆ ನನ್ನ ಮೇಲೆಯೇ ರೇಗಿಹೋಯಿತು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬರುವಷ್ಟರಲ್ಲಿ ಮಕ್ಕಳು ಬಂದುಬಿಟ್ಟವು, ಮತ್ತೆ ಪಿನ್ನಿಗೆ ಹೋದ ನನ್ನ ಕೈ ನೋಡಿ ಕಿರುಚಿಕೊಂಡವು. ಹೆಡ್‌ಮಾಸ್ತರರು ಓಡಿಬಂದರು.

"ಎಂಥ ಮಾಡ್ತಿದ್ದೀರಿ ಮಾರಾಯ್ರೆ? ಅದನ್ನು ಮುಟ್ಟುವ ಹಾಗಿಲ್ಲ. ಕಮಿಟಿಯಲ್ಲಿ ಮಾತಾಗಿದೆ."

"ಸರ್, ಅದರ ಹೊಟ್ಟೆ ಚಹಾದ ಬಾಯ್ಲರು. ನಲ್ಲಿ ಕೂಡ ಇದೆ, ನೋಡಿ."

"ಇರಲಿ. ನಾಳೆ ನಿಮಗೆ, ನನಗೆ ಏನಾದರೂ ಹೆಚ್ಚು ಕಡಿಮೆ ಆದ್ರೆ ಯಾರು ನೋಡುವವರು? ಠಾಣೆಗೆ ಆ ಹೂಜಿ ಬಾಳೆಹಣ್ಣು ಕಳಿಸಿ."

ನಾನು ಸೀದಾ ಸ್ಟೇಷನ್ ಹತ್ತಿರದ ಅಧ್ಯಕ್ಷರ ಹೋಟೆಲಿಗೆ ಹೋಗಿ ಅವರ ಅಮ್ಮನನ್ನೇ ಕಂಡೆ. ಹೋಟೆಲಿನ ಮೇಲಿನ ಕೋಣೆಯಲ್ಲಿ ಹುರುಳಿ ಆರಿಸುತ್ತ ಕೂತಿದ್ದರು. ಮಡಚುವ ಆಟವನ್ನು ಮೊದಲಿನಿಂದ ವಿವರಿಸಿದೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ, ಎಲ್ಲ ಆಕಸ್ಮಿಕ, ತಲೆ ಇಂಥ ಹುಡುಗಿಯದು, ಹೊಟ್ಟೆ ನಿಮ್ಮ ಗಲ್ಲೆಯವರ ಮಗನದು ಎಂದೆಲ್ಲ ಹೇಳಿದೆ. ಅವರು ಮೊರ ಕೆಳಗಿಟ್ಟು ನಕ್ಕರು.

"ಮಕ್ಕಳು ಬರೆದದ್ದು ಅಂತ ನನಗೆ ಗೊತ್ತಿಲ್ಲವಾ ಮಗಾ? ನಮ್ಮ ಊರಲ್ಲಿ ಮೊಗ ಎರೆಯುವವನೂ ಮನುಷ್ಯನೇ ಅಲ್ವಾ? ಎರೆದು ಮುಗಿದ ಮೇಲೆ ಅವನೂ ಕೈ ಮುಗೀತಾನೆ. ಮೂರು ಮಕ್ಕಳು ಒಬ್ಬರದ್ದು ಒಬ್ಬರು ನೋಡದೆ ಬರೆದರೂ ಸರಿಯಾಗಿ ಕೂಡಿತು ಅಂತ ನೀನೇ ಹೇಳ್ತಿ. ಮತ್ತೆ ಕೂಡಿಸಿದ್ದು ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಿಸಿ ಗೋಳಿಬಜೆ ತರಿಸಿಕೊಟ್ಟರು. ತಿಂದೆ. ಬಾಯಿ ತುಂಬಿಕೊಂಡು ವಾದ ಮಾಡುವುದು ಕಷ್ಟ, ಅದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ.

ಹೀಗಾಗಿ ಠಾಣೆಗೆ ಹೋದದ್ದು ಹೂಜಿ ಮತ್ತು ಬಾಳೆಹಣ್ಣು. ಆ ಹುಡುಗಿಗೆ ಹೇಳಿದಾಗ ಅವಳು ಅಳಲಿಲ್ಲ, ನನ್ನ ಜೊತೆ ಜಗಳವನ್ನೂ ಆಡಲಿಲ್ಲ. ಮಹಾಪೆಯಲ್ಲಿದ್ದ ಅಪ್ಪನಿಗೆ ಹೇಳಿಕಳಿಸುವ ದಾರಿ ಮಾತ್ರ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ಮುಂದಿನ ಮಡಚುವ ಆಟದಲ್ಲಿ ಅವಳ ಸರದಿ ಬಂದಾಗ ಕತ್ತಿನ ಎರಡು ಗೆರೆ ಎಳೆದು, ಮೇಲೆ ಏನೂ ಬರೆಯದೆ ಮಡಚಿ ಕೊಟ್ಟಳು. ತಲೆ ಎಲ್ಲಿ ಎಂದು ಕೇಳಿದೆ.

"ತಲಿ ಚಿತ್ರಾ ತೆಗದ್ರ ದೇವ್ರಾಗ್ತದ್ರಿ" ಎಂದಳು.

ಇದನ್ನು ಕೇಳಿ ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಅವಳು ಅದನ್ನು ನಗೆಗಾಗಿ ಹೇಳಿರಲಿಲ್ಲ. ಆಮೇಲೆ ಅವಳು ಪೆನ್ಸಿಲ್ಲನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಮರಾಠಿ ಪಾಠ ಓದುತ್ತ ಕೂರುವಳು. ನನಗೆ ತುಂಬಾ ಸಂಕಟವಾಗುತ್ತಿತ್ತು. ಹಿಂದಿನ ಗೋಡೆಯ ಹಂದಿಮುಖವನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಪ್ರದರ್ಶನ ಮುಗಿದ ಮರುದಿನ ಸೋಮವಾರ, ನಾನು ಹಾಜರಿ ಹಾಕುತ್ತಿದ್ದೆ. ಬಾಗಿಲಲ್ಲಿ ಒಬ್ಬ ಗಟ್ಟಿಮುಟ್ಟಾದ ಗಂಡಸು ಬಂದು ನಿಂತ. ಸಿಮೆಂಟಿನ ಧೂಳು ಹಿಡಿದ ಕಾಲರ್, ಅದಕ್ಕೆ ಹೊಂದದಷ್ಟು ನೀಟಾಗಿ ಬಾಚಿದ ತಲೆ. ಪಕ್ಕದಲ್ಲಿ ಆ ಹುಡುಗಿ, ತಲೆ ತಗ್ಗಿಸಿಕೊಂಡು.

"ಈಕಿ ಅಪ್ಪ ನಾನು" ಎಂದ. "ನಿನ್ನೆ ಠಾಣೆಕ್ಕ ಹೋಗಿದ್ನಿರಿ. ಎಲ್ಲಾ ಕ್ವಾಣಿ ತಿರಗಿದೆ. ಈಕಿ ಹೇಳಿದ ಹಂದಿ ಎಲ್ಲೂ ಇಲ್ರಿ. ನಿಮ್ಮ ಸಾಲಿ ಹೆಸರಿನ ಕೆಳಗ ಒಂದ್ ಕೊಡಾ ಇಟ್ಟಾರ, ಬಾಳಿಹಣ್ಣ ಇಟ್ಟಾರ. ಅಲ್ಲಿದ್ದ ಟೀಚರ್ ಬಾಯಾರನ್ನ ಕೇಳಿದ್ರ ನಕ್ರು. ಯಾಕರೀ ಸರ್, ಇಷ್ಟ ಸಣ್ಣ ಹುಡುಗಿ ಇಷ್ಟ್ ದೊಡ್ಡ ಸುಳ್ಳ ಯಾಕ ಹೇಳಬೇಕು?"

ನಾನು ಎದ್ದು, ಚಿತ್ರ ಇಲ್ಲೇ ಇದೆ, ಬನ್ನಿ ನೋಡಿ ಎಂದು ಕರೆದೆ. ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿಗಳನ್ನು ನೋಡಿ ಅವನೂ ತನ್ನದನ್ನು ಬಿಟ್ಟು ಒಳಗೆ ಬಂದ. ಹಿಂದಿನ ಗೋಡೆಯಲ್ಲಿ ಹಾರ ಹಾಕಿಕೊಂಡು, ಗಂಧ ಮೆತ್ತಿಕೊಂಡು, ಮುಂದೆ ಹಣತೆ ಇಟ್ಟುಕೊಂಡು ನಿಂತಿದ್ದ ಹಂದಿಮುಖವನ್ನು ಕಂಡ. ತಕ್ಷಣ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ.

"ಅಪ್ಪಾ, ಇದಾ ಅದು. ನಾನಾ ತೆಗದದ್ದು" ಎಂದಳು ಹುಡುಗಿ.

ಅವನು ಬೆಚ್ಚಿಬಿದ್ದು ಕಣ್ಣು ತೆರೆದ. "ಏ! ದೇವ್ರ ಮುಂದ ನಿಂತು ಸುಳ್ಳ ಹೇಳ್ತೀ? ಮೊದಲ ಗಲ್ಲಾ ಗಲ್ಲಾ ಬಡ್ಕೊ. ತಪ್ಪಾತು ಅನ್ನು."

ಹುಡುಗಿ ನನ್ನ ಮುಖ ನೋಡಿದಳು. ನನ್ನ ಪಿತ್ತ ನೆತ್ತಿಗೇರಿತು. ದೇವರೂ ಅಲ್ಲ, ದಿಂಡರೂ ಅಲ್ಲ, ನಿಮ್ಮ ಮಗಳೇ ಬರೆದದ್ದು, ನಾನೇ ಬರೆಸಿದ್ದು ಎಂದು ದನಿ ಏರಿಸಿದೆ. ಅವನು ಬಹಳ ಮರ್ಯಾದೆಯಿಂದ, "ಹುಡುಗಿ ಮ್ಯಾಲಿನ ಪ್ರೀತಿಗೆ ಹೇಳ್ತೀರಿ ಸರ್, ತಿಳೀತದ ನನಗ" ಎಂದ. ಮಗಳ ಜೊತೆ ಮಾಸ್ತರನೂ ಸುಳ್ಳು ಹೇಳುತ್ತಿದ್ದಾನೆ, ಪಾಪ, ಎನ್ನುವ ಹಾಗಿತ್ತು ಅವನ ದನಿ.

ಅವಳು ಗಲ್ಲ ಬಡಿದುಕೊಳ್ಳಲಿಲ್ಲ. ನಾನು ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ಅವಳ ಮುಂದೆ ಹಿಡಿದು ಬೋರ್ಡು ತೋರಿಸಿದೆ. ತೆಗೆದುಕೊಳ್ಳುತ್ತಾಳೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ತೆಗೆದುಕೊಂಡಳು. ಬೋರ್ಡಿನ ಹತ್ತಿರ ಹೋಗಿ, ಒಂದು ಗೆರೆಯನ್ನೂ ಒರೆಸದೆ ಬರೆಯತೊಡಗಿದಳು. ಮೊದಲು ಮೂತಿ, ಆಮೇಲೆ ಸಣ್ಣ ಕಣ್ಣು, ಕತ್ತಿನ ಮೇಲಿನ ಒರಟು ಕೂದಲು, ಕೊನೆಗೆ ಕಿವಿ. ಎಡಗಿವಿಯ ತುದಿಯನ್ನು ನಡುವೆ ಸೀಳಿ ಎರಡು ಮಾಡಿದಳು.

ಅಪ್ಪ ಬೋರ್ಡನ್ನು ನೋಡಿದ. ಹಿಂದಕ್ಕೆ ನಡೆದು ಗೋಡೆಯ ಚಿತ್ರದ ಮುಂದೆ ನಿಂತ. ಸ್ವಲ್ಪ ಹಿಂಜರಿದು, ಒಂದೇ ಬೆರಳಿನಿಂದ ಚೆಂಡುಹೂವಿನ ಹಾರವನ್ನು ಪಕ್ಕಕ್ಕೆ ಸರಿಸಿದ. ಅಲ್ಲಿಯೂ ಎಡಗಿವಿ ಹರಿದಿತ್ತು.

"ಎಲಾ ಇದರ!" ಎಂದ. "ನಮ್ಮ ಕಿವಿಹರಕ! ನಮ್ಮ ಮನಿ ಹಿಂದಿನ ಹಂದಿ! ನಾಯಿ ಕಚ್ಚಿ ಹರದದ್ದಲ್ಲಾ ಇದು?" ಆಮೇಲೆ ನಗಲು ಶುರುಮಾಡಿದ. ಹಾರವನ್ನು ಹಿಡಿದುಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಮಕ್ಕಳೆಲ್ಲ ಅವನ ಜೊತೆ ನಕ್ಕವು. ಗಲ್ಲೆಯವರ ಮಗ ಮಾತ್ರ ಹಣತೆಯ ಕಡೆ ಒಮ್ಮೆ ಭಯದಿಂದ ನೋಡಿ, ಆಮೇಲೆ ನಕ್ಕ.

ನಗು ನಿಂತ ಮೇಲೆ ಅವನು ಮಗಳ ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟ. ಕೆಣಕುವ ದನಿಯಲ್ಲಿ ಕೇಳಿದ: "ಅಲ್ಲಬೇ, ಹಂದೀನ ಇಷ್ಟ ಚಂದ ತೆಗದಿ. ನಿಮ್ಮಪ್ಪನ್ನ ಯಾಕ ತೆಗೀಲಿಲ್ಲ?"

"ಅದು ದಿನಾ ಮನಿ ಹತ್ರ ಇರ್ತದಪಾ" ಎಂದಳು. "ನಿನ್ನ ತೆಗೀಲಿಕ್ಕೆ ಕೂತ್ರ ಮಾರಿ ಅರ್ಧಾನೇ ನೆನಪಾಗ್ತದ."

ಅವನ ಕೈ ಅವಳ ತಲೆಯ ಮೇಲೆ ಹಾಗೇ ನಿಂತಿತು. ಬೋರ್ಡಿನ ಹಂದಿಯನ್ನು ಇನ್ನೊಮ್ಮೆ ನೋಡಿದ. ನನ್ನ ಕಡೆ ತಿರುಗಿ, "ಎಷ್ಟೊತ್ತು ಹಿಡೀತದರೀ ಸರ್, ಒಂದ್ ಮಾರಿ ತೆಗೀಲಿಕ್ಕೆ?" ಎಂದು ಕೇಳಿದ. ಉತ್ತರಕ್ಕೆ ಕಾಯದೆ ಮೊದಲನೆಯ ಬೆಂಚಿನಲ್ಲಿ ಕೂತ. ಅವನ ಮೊಣಕಾಲು ಬೆಂಚಿನ ಸಂದಿಯಲ್ಲಿ ಹಿಡಿಸದೆ ಎರಡೂ ಬದಿಗೆ ಚಾಚಿಕೊಂಡವು. ಮುಖ ಒರೆಸಿ, ಕಾಲರ್ ಮೇಲಿನ ಧೂಳು ಕೊಡವಿಕೊಂಡು, ಕುತ್ತಿಗೆ ನೆಟ್ಟಗೆ ಮಾಡಿ, ಎದುರಿನ ಗೋಡೆಯಲ್ಲಿ ಕಣ್ಣು ನೆಟ್ಟ.

"ಅಲ್ಲಾಡಬ್ಯಾಡ" ಎಂದಳು ಮಗಳು, ಪೆನ್ಸಿಲ್ ಹುಡುಕುತ್ತ.

"ಇಲ್ಲವಾ" ಎಂದ ಅವನು, ತುಟಿ ಅಲ್ಲಾಡಿಸದೆ.

ಗಂಟೆ ಹೊಡೆಯಿತು. ಗಣಿತದ ಮಾಸ್ತರರು ಬಾಗಿಲಿಗೆ ಬಂದು ಚಪ್ಪಲಿ ಕಳಚತೊಡಗಿದರು. ಸ್ವಲ್ಪ ತಡೆಯಿರಿ ಎಂದು ನಾನು ಅಲ್ಲಿಂದಲೇ ಕೈ ಮಾಡಿದೆ.